ಬಲಗಡೆಯ ಕಂಟ್ರೋಲ್ ಕೀ

ಹಸಿರು ಪಟ್ಟಿ ಅರ್ಧಕ್ಕೆ ಬಂದಿತೇ, ಇಲ್ಲ, ಇನ್ನೂ ಬಂದಿಲ್ಲ, ಬಿಸಿಲು ನೇರ ಪರದೆಯ ಮೇಲೆ ಬಿದ್ದು ಪಟ್ಟಿ ಎಲ್ಲಿ ಮುಗಿಯಿತು ದೂಳು ಎಲ್ಲಿ ಶುರುವಾಯಿತು ಗೊತ್ತಾಗುತ್ತಿಲ್ಲ, ಅಂಗೈಯಿಂದ ಒರೆಸಿದೆ, ಈಗ ದೂಳಿನ ಜೊತೆಗೆ ಬೆರಳಿನ ಗೆರೆಗಳೂ ಸೇರಿಕೊಂಡವು, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಈ ಕಂಪ್ಯೂಟರ್ ಮನೆಗೆ ಬಂದು ವಾರಗಳಾದರೂ ಇನ್ನೂ ಅಂಗಡಿಯ ವಾಸನೆ ಬಿಟ್ಟಿಲ್ಲ — ಕೆಳಗೆ ಬೀದಿಯಲ್ಲಿ ಯಾರೋ ಚಾಪೆ ಕೊಡವುತ್ತಿದ್ದಾರೆ, ದಬ್, ದಬ್, ಕಿಟಕಿ ತೆರೆದಿದೆ, ತೆರೆದೇ ಇರಲಿ, ಮನೆ ಎಂದ ಮೇಲೆ ಗಾಳಿ ಆಡಬೇಕು — ಇವರು, ನನ್ನ ಗಂಡ, ಗೋಡೆಯ ಕಡೆಯ ಕುರ್ಚಿಯಲ್ಲಿ ಶಾಲು ಹೊದ್ದು, ಕುತ್ತಿಗೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಳ್ಳುತ್ತ, ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು ಕೂತಿದ್ದಾರೆ, ನಾನು ಇದನ್ನೂ ಕೆಡಿಸಿಯೇ ಏಳುತ್ತೇನೆ ಎಂದು ಮುಖದ ತುಂಬ ಬರೆದುಕೊಂಡಿದ್ದಾರೆ, ಅದಕ್ಕೆ ಸ್ಲೇಟು ಬೇಕಾಗಿಲ್ಲ. ಕೆಡಲಿ ಬಿಡಿ, ಕೆಟ್ಟ ಮೇಲೆ ಬುದ್ಧಿ ಬರುತ್ತೆ ಎನ್ನುತ್ತಾರಲ್ಲ — ನೆಕ್ಸ್ಟ್ ಎಂದಿತು, ಒತ್ತಿದೆ, ಒಪ್ಪಿಗೆಯೇ ಎಂದಿತು, ಒಪ್ಪಿದೆ, ಕೊಂಚ ಹೊತ್ತು ಇಂಟರ್ನೆಟ್ ಕಡಿದುಹೋಗುತ್ತದೆ ಆಗಬಹುದೇ ಎಂದಿತು, ಆಗಲಿ ಮಾರಾಯ ಎಂದೆ, ಮದುವೆಯ ದಿನವೂ ಯಾರೂ ಇಷ್ಟು ಸಲ ನನ್ನ ಒಪ್ಪಿಗೆ ಕೇಳಿರಲಿಲ್ಲ. ಪಟ್ಟಿ ಮುಂದೆ ಸರಿಯಿತು.

ಮೇಜಿನ ಮೇಲೆ ಬೋರಲಾಗಿ ಮಲಗಿದ ಮೊಬೈಲಿನಿಂದ ಮೂರನೇ ಬೋರ್ಡಿನ ಉಸಿರು ಕೇಳಿಸುತ್ತಿದೆ, ಅವಳೂ ಕಾಯುತ್ತಿದ್ದಾಳೆ, ದೂರದೂರಿನ ಫೋನು ಜೋಡಿಸುವ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕದ ಸ್ಟೂಲು ಅವಳದು, ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ಅಲ್ಲಿ ಯಾರಿಗಿತ್ತು, ನಾನು ನಾಲ್ಕನೇ ಬೋರ್ಡು, ಅವಳು ಮೂರನೇ ಬೋರ್ಡು, ಎಕ್ಸ್‌ಚೇಂಜು ಮುಚ್ಚಿದ ಮೇಲೆ ನಾನು ಮನೆ ಸೇರಿದೆ, ಅವಳು ಕಂಪ್ಯೂಟರ್ ಕಲಿತಳು, ತಂತಿ ಕಂಡಲ್ಲಿ ಮೂಗು ತೂರಿಸುವ ಜಾತಿ. ವರ್ಚುವಲ್ ಮಷೀನ್ ಎನ್ನುವ ಮಾತನ್ನು ನಾನು ಮೊದಲು ಕೇಳಿದ್ದೇ ಅವಳ ಬಾಯಲ್ಲಿ. ಒಂದು ಕಂಪ್ಯೂಟರಿನ ಹೊಟ್ಟೇಲಿ ಇನ್ನೊಂದು ಕಂಪ್ಯೂಟರ್ ಕೂರಿಸೋದು ಕಣೇ, ಒಳಗಿರೋದಕ್ಕೆ ತಾನು ಒಳಗಿದೀನಿ ಅಂತ ಗೊತ್ತೇ ಇರಲ್ಲ, ತಾನೇ ಪೂರ್ತಿ ಯಂತ್ರ ಅಂದ್ಕೊಂಡಿರುತ್ತೆ, ಹಳೇ ಕಾಲದ್ದನ್ನ ಅಲ್ಲಿ ಹಾಕಿದ್ರೆ ಹಳೇ ಪ್ರೋಗ್ರಾಮು ಅಲ್ಲಿ ಓಡುತ್ತೆ. ಅಂದರೆ ಮನೆಯ ಯಜಮಾನ ತಾನೇ ಎಂದುಕೊಂಡಿರುವ ಬಾಡಿಗೆದಾರ, ನಮ್ಮನೆಯವರ ಹಾಗೆ ಎಂದೆ. ಹಿಂದುಗಡೆ ಸ್ಲೇಟಿನ ಮೇಲೆ ಬಳಪ ಕಿರ್ರೆಂದಿತು. ತಿರುಗಿ ನೋಡಿದರೆ ಬರೆದಿದ್ದರು, ಕೇಳಿಸ್ತು.

ಕೇಳಿಸಲಿ, ಕಿವಿಗೇನೂ ಆಗಿಲ್ಲವಲ್ಲ, ಆದದ್ದು ಗಂಟಲಿಗೆ. ಮುಖಕ್ಕಿಂತ ಮೊದಲು ನನಗೆ ಇವರ ದನಿಯ ಪರಿಚಯ, ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಕೆಲಸ, ದಿನಾ ಬೆಳಿಗ್ಗೆ ಬೇರೆ ಊರುಗಳಿಗೆ ಈರುಳ್ಳಿಯ ದರ ಹೇಳಲು ಕಾಲ್ ಬುಕ್ ಮಾಡುತ್ತಿದ್ದರು, ಫೋನಿನಲ್ಲೂ ಹರಾಜಿನ ಗಂಟಲೇ, ಮೆಲ್ಲಗೆ ಮಾತಾಡಿ, ತಂತಿ ಇರೋದೇ ಕೂಗದೆ ಇರೋಕೆ ಎಂದು ನಾನು ಗದರಿದೆ, ಮಾರನೇ ದಿನ ಪಿಸುಗುಟ್ಟಿದರು, ಅವರ ಪಿಸುಮಾತು ಕೂಡ ಮೂರನೇ ಬೋರ್ಡಿಗೆ ಕೇಳಿಸಿ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು — ಆ ಗಂಟಲಿಗೇ ಹುಣ್ಣು ಬಂದು, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ ಮೇಲೆ, ಕುತ್ತಿಗೆಯ ಬುಡದಲ್ಲಿ ಉಸಿರಿಗೊಂದು ತೂತು ಬಿಟ್ಟು ಕಳಿಸಿದ ಮೇಲೆ, ಆಸ್ಪತ್ರೆಯವರೇ ಹೇಳಿದ್ದು, ಟೈಪ್ ಮಾಡಿದರೆ ಓದಿ ಹೇಳುವ ಪ್ರೋಗ್ರಾಮ್ ಇದೆ ಎಂದು. ಮೊದಲ ದಿನ ಆ ದನಿ ಕೇಳಿ ನಾನು ಅಡುಗೆಮನೆಗೆ ಹೋಗಿ ಅತ್ತೆ. ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ, ಏರಿಲ್ಲ ಇಳಿವಿಲ್ಲ, ಕೋಪವಿಲ್ಲ ಪ್ರೀತಿಯಿಲ್ಲ, ಚಹಾ ಕೊಡು ಎನ್ನುವುದೂ ಮನೆಗೆ ಬೆಂಕಿ ಬಿದ್ದಿದೆ ಎನ್ನುವುದೂ ಒಂದೇ ರಾಗ. ಆದರೆ ಇವರು ಬಿಡಬೇಕಲ್ಲ, ಆ ದನಿಗೆ ಒಂದು ಬಾಗಿಲು ಹುಡುಕಿದರು, ಅಲ್ಪವಿರಾಮ, ಅದು ಬಂದಲ್ಲಿ ಆ ದನಿ ಚೂರು ತಡೆಯುತ್ತದೆ, ಎರಡು ಹಾಕಿದರೆ ಇನ್ನಷ್ಟು ತಡೆಯುತ್ತದೆ, ಹರಾಜಿನಲ್ಲಿ ಕೊನೆಯ ದರ ಕೂಗುವ ಮೊದಲು ಜನರನ್ನು ತುದಿಗಾಲಲ್ಲಿ ನಿಲ್ಲಿಸುತ್ತಿದ್ದರಲ್ಲ, ಅದೇ ತಡೆ, ನಿನ್ನ ತಂಗಿ ಬಂದಿದ್ದಳು, ಮಾತು ಮುಗಿದಿಲ್ಲ, ನಾಳೆ ಮತ್ತೆ ಬರ್ತಾಳೆ. ಮನೆಯೆಲ್ಲ ನಗುತ್ತಿತ್ತು. ಮೊಮ್ಮಗಳು ಹುಟ್ಟಿ ತಿಳಿವಳಿಕೆ ಬಂದಾಗಿನಿಂದ ಅವಳಿಗೆ ತಾತ ಎಂದರೆ ಆ ತಗಡಿನ ದನಿಯೇ, ಬೇರೆ ಮಕ್ಕಳ ತಾತಂದಿರು ಬಾಯಲ್ಲಿ ಮಾತಾಡುತ್ತಾರೆಂದು ತಿಳಿದಾಗ ಅವಳಿಗೆ ಅವರ ಮೇಲೆ ಕನಿಕರ ಹುಟ್ಟಿತ್ತು.

ಮಾತು ಬಲ್ಲವನಿಗೆ ಜಗಳವಿಲ್ಲ ಎಂದ ಪುಣ್ಯಾತ್ಮನಿಗೆ ಇವರ ಪರಿಚಯವಿರಲಿಲ್ಲ. ಮಾತು ಬಂದ ಕೂಡಲೇ ಜಗಳವೂ ಬಂತು, ಜಗಳ ಬಂದದ್ದಕ್ಕೆ ನನಗೆ ಒಳಗೊಳಗೇ ಖುಷಿ, ಆದರೂ ಆ ದನಿಗೆ ದಣಿವಿಲ್ಲ, ಉಸಿರಿಗೆ ನಿಲ್ಲುವುದಿಲ್ಲ, ಪುಟಗಟ್ಟಲೆ ಟೈಪ್ ಮಾಡಿ ಎಂಟರ್ ಒತ್ತಿ ಕೈ ಕಟ್ಟಿ ಕೂರುತ್ತಿದ್ದರು, ನಾನು ಪಾತ್ರೆ ತೊಳೆದು ಬಂದರೂ ನನ್ನ ತಪ್ಪುಗಳ ಪುರಾಣ ನಡೆದೇ ಇರುತ್ತಿತ್ತು — ಒಂದು ದಿನ ಮೇಜು ಒರೆಸುವಾಗ ಕೈ ತಾಗಿ ಗೊತ್ತಾಯಿತು, ಕಂಟ್ರೋಲ್ ಕೀ ಒತ್ತಿದರೆ ದನಿ ಅಲ್ಲೇ ಬಾಯಿ ಮುಚ್ಚುತ್ತದೆ. ಎಡಗಡೆಯ ಕಂಟ್ರೋಲಿಗೆ ಅವರ ಮೊಣಕೈ ಕಾವಲು, ಬಲಗಡೆಯದು ನನ್ನ ಕುರ್ಚಿಯ ಕಡೆ, ಕೈ ಚಾಚಿದರೆ ಸಿಗುತ್ತಿತ್ತು. ಏನು ಸುಖ ಅಂತೀರಿ. ನೀನು ಯಾವತ್ತೂ, ಟಕ್. ನಿಮ್ಮ ಮನೆಯವರು ಎಲ್ಲ, ಟಕ್. ಈಗಲೂ ಹೇಳುತ್ತೇನೆ, ಅದರಲ್ಲಿ ತಪ್ಪೇನೂ ಇರಲಿಲ್ಲ, ಯಾವ ಹೆಂಡತಿಗೆ ಸಿಕ್ಕಿದ್ದರೂ ಒತ್ತುತ್ತಿದ್ದಳು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಲ್ಲಿ ಕೀ ಇಲ್ಲ, ಚಮಚದ ಹಿಡಿಯಿಂದ ಮೀಟಿ ಎಬ್ಬಿಸಿದ್ದರು, ಹಲ್ಲುದುರಿದ ಮಗುವಿನ ಬಾಯಿಯ ಹಾಗೆ ಕೀಬೋರ್ಡಿನ ಮೂಲೆಯಲ್ಲಿ ಒಂದು ತೂತು, ತಳದಲ್ಲಿ ಪುಟ್ಟ ರಬ್ಬರಿನ ಬುರುಡೆ. ಎಲ್ಲಿಟ್ಟಿದೀರಿ ಎಂದರೆ, ಭದ್ರವಾಗಿದೆ, ಎಂದಿತು ತಗಡಿನ ದನಿ, ನಿನ್ನಿಂದ. ಹಿಟ್ಟಿನ ಡಬ್ಬದಲ್ಲಿ ಹುಡುಕಿದೆ, ಹಾಸಿಗೆಯ ಕೆಳಗೆ, ಮೊಳೆಗಳ ಪೆಟ್ಟಿಗೆಯಲ್ಲಿ, ಅವರ ಹಳೆಯ ಬೂಟಿನೊಳಗೆ ಕೂಡ. ವರ್ಷಗಳು ಕಳೆದವು, ತೂತಿನಲ್ಲಿ ದೂಳು ಕೂತಿತು, ಹಬೆ ಬಿಟ್ಟು ಬತ್ತಿಯಿಂದ ಒರೆಸುವುದು ನನ್ನ ಕೆಲಸಗಳಲ್ಲಿ ಒಂದಾಯಿತು.

ಆಮೇಲೆ ಆ ದಿನ. ತಪಾಸಣೆಗೆ ಆಸ್ಪತ್ರೆಗೆ ಹೋಗಿ ಬಂದಿದ್ದರು, ಮಂಡಿನೋವೆಂದು ನಾನು ಜೊತೆಗೆ ಹೋಗಿರಲಿಲ್ಲ, ಎಲ್ಲಾ ಸರಿಯಾಗಿದೆಯಂತೆ ಎಂದಿತು ದನಿ, ಮುಖ ಮಾತ್ರ ಗಂಭೀರ, ಸಂಜೆ ಯಾವುದೋ ಹಳೆಯ ಜಗಳವನ್ನು ನಾನೇ ಎತ್ತಿದೆ, ಅವರು ಟೈಪ್ ಮಾಡಿದರು, ಬೆರಳನ್ನು ಎಂಟರ್ ಮೇಲೆ ಗಾಳಿಯಲ್ಲಿ ಹಿಡಿದು ನನ್ನ ಮುಖ ನೋಡಿದರು, ಒತ್ತಿದರು. ನಿನಗೆ ಒಂದು ಮಾತು ಹೇಳಬೇಕು — ಎಂದಿತು ದನಿ, ತಡೆಯಿತು, ಅಲ್ಪವಿರಾಮದ ತಡೆ ಎಂದುಕೊಂಡೆ, ಕಾದೆ, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ರಿಪೇರಿಯವನು ಡಬ್ಬ ಬಿಚ್ಚಿ ನೋಡಿ ಇದರ ಆಯಸ್ಸು ಮುಗೀತು ಎಂದ. ಏನು ಮಾತು, ಬರೆದು ತೋರಿಸಿ ಎಂದು ಸ್ಲೇಟು ಕೊಟ್ಟರೆ ಬಳಪ ಹಿಡಿದು ಬರೆದರು, ಇದು ಬರೆಯೋ ಮಾತಲ್ಲ, ಹೇಳೋ ಮಾತು. ಕಾಲಿಗೆ ಬಿದ್ದರೂ ಇಲ್ಲ, ಕಣ್ಣೀರು ಹಾಕಿದರೂ ಇಲ್ಲ. ಮಗಳು ಬಂದು ಹೊಸ ಕಂಪ್ಯೂಟರಿಗೆ ಹೊಸ ದನಿ ಹಾಕಿಕೊಟ್ಟಳು, ಅಪ್ಪಾ ಇದು ಎಷ್ಟು ಚೆನ್ನಾಗಿದೆ ಕೇಳಿ, ನಿಜವಾದ ಮನುಷ್ಯನ ಥರಾನೇ ಇದೆ ಎಂದಳು, ನಿಜ, ಬೆಣ್ಣೆಯ ಹಾಗಿತ್ತು, ಸೀರಿಯಸ್ಸಾದ ಯಾವನೋ ಯುವಕ, ಇವರು ಮೊಮ್ಮಗಳಿಗೆ ಫೋನಿನಲ್ಲಿ ಒಂದು ತಮಾಷೆ ಹೇಳಿದರು, ಆ ಯುವಕ ಎಲ್ಲೂ ತಡೆಯದೆ ಗಡಗಡ ಓದಿ ಮುಗಿಸಿದ, ಆ ಕಡೆಯಿಂದ ಮಗು ಕೇಳಿತು, ಇದ್ಯಾರು, ತಾತ ಎಲ್ಲಿ ಹೋದ್ರು. ಇವರು ಎದ್ದು ಸ್ಪೀಕರಿನ ತಿರುಗಣೆಯನ್ನು ಕೊನೆಯವರೆಗೆ ಇಳಿಸಿದರು, ಅಷ್ಟೇ. ಅಂದಿನಿಂದ ಮಾತಿಲ್ಲ. ಸ್ಲೇಟಿನ ಮೇಲೆ ಚಹಾ, ಸ್ಲೇಟಿನ ಮೇಲೆ ಬೇಡ, ಊಟ ಬಡಿಸಿದರೆ ಸಾಕು ಎಂದು ಅಡ್ಡ ಹಿಡಿದ ಅಂಗೈ. ನನಗೆ ಭಯ, ಸುಮ್ಮನೆ ಹೇಳುವುದೇಕೆ, ನನಗೆ ಭಯವಾಗಿತ್ತು, ಡಾಕ್ಟರು ಏನೋ ಹೇಳಿದ್ದಾರೆ, ಹುಣ್ಣು ಮತ್ತೆ ಬಂದಿದೆ, ಆ ಮಾತನ್ನು ತಮ್ಮ ದನಿಯಲ್ಲೇ ಹೇಳಬೇಕೆಂದು ಹಟ ಹಿಡಿದಿದ್ದಾರೆ, ಆ ದನಿ ಬಾರದೆ ಹಾಗೇ ಹೊರಟುಬಿಟ್ಟರೆ — ಆ ಹಳೆಯ ಪ್ರೋಗ್ರಾಮ್ ಹೊಸ ಕಂಪ್ಯೂಟರಿನಲ್ಲಿ ತಾನು ಓಡುವುದಿಲ್ಲ ಎನ್ನುತ್ತದೆ, ಅದನ್ನು ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು, ಕೊನೆಗೆ ಮೂರನೇ ಬೋರ್ಡಿಗೆ ಫೋನು ಹಾಕಿದೆ.

ಮುಗಿಯಿತು ಎನ್ನುತ್ತಿದೆ ಪಟ್ಟಿ, ಫಿನಿಶ್ ಒತ್ತು ಎನ್ನುತ್ತಾಳೆ ಮೂರನೇ ಬೋರ್ಡು, ಒತ್ತಿದೆ, ಹೊಸ ಮಷೀನ್ ಮಾಡು, ಮಾಡಿದೆ, ಅದಕ್ಕೊಂದು ಹೆಸರಿಡು, ಬಾಡಿಗೆದಾರ ಎಂದು ಇಟ್ಟೆ. ಎಷ್ಟು ಮೆಮೊರಿ ಕೊಡಬೇಕು ಎಂದು ಒಂದು ಗೆರೆ, ಹಸಿರಿನಿಂದ ಕೆಂಪಿಗೆ ಎಳೆದುಕೊಂಡು ಹೋಗುವುದು, ಧಾರಾಳವಾಗಿ ಕೆಂಪಿನ ತನಕ ಎಳೆದೆ, ಅಷ್ಟು ಕೊಟ್ರೆ ಹೊರಗಿನದು ಉಪವಾಸ ಬೀಳುತ್ತೆ, ಹಾಸಿಗೆ ಇದ್ದಷ್ಟು ಕಾಲು ಚಾಚೇ ಎಂದು ಗದರಿದಳು, ಹಸಿರಿಗೆ ತಂದೆ. ಸ್ಟಾರ್ಟ್ ಒತ್ತಿದರೆ ಕೆಂಪು ಅಕ್ಷರದ ತಕರಾರು, ಹಿಂದೆ ಕುರ್ಚಿ ಕಿರುಗುಟ್ಟಿತು, ಅವರೂ ಬಗ್ಗಿ ನೋಡುತ್ತಿದ್ದಾರೆ, ಏನಿಲ್ಲ ಕಣೇ, ಒಳಗೆ ಇನ್ನೊಂದನ್ನ ಕೂರಿಸೋಕೆ ಯಂತ್ರದ ಬುಡದಲ್ಲೇ ಅಪ್ಪಣೆ ಬೇಕು, ಆಫ್ ಮಾಡಿ ಆನ್ ಮಾಡ್ತಾ ಡಿಲೀಟ್ ಕೀ ಒತ್ತುತ್ತಾ ಇರು. ಒತ್ತುತ್ತಾ ಇದ್ದೆ. ನೀಲಿ ಪರದೆಯಲ್ಲಿ ಇರುವೆಯಂಥ ಅಕ್ಷರಗಳ ನಡುವೆ ವರ್ಚುವಲೈಸೇಷನ್ ಎಂಬ ಸಾಲು ಹುಡುಕಿ, ಇಲ್ಲ ಎಂದಿದ್ದದ್ದನ್ನು ಹೌದು ಮಾಡಿ ಬಂದೆ, ಜೀವಮಾನವೆಲ್ಲ ಇವರ ಎದುರು ಮಾಡಿದ್ದೂ ಅದೇ ಕೆಲಸ. ಈಗ ಸ್ಟಾರ್ಟ್ ಒತ್ತಿದರೆ ಕಪ್ಪು ಚೌಕ, ಚೌಕದೊಳಗೆ ಬಿಳಿ ಅಕ್ಷರ, ರಿಪೇರಿಯವನು ನಮ್ಮ ಹಳೆಯ ಸಿ.ಡಿ.ಗಳನ್ನು ಎರಡು ಫೈಲು ಮಾಡಿ ಕೊಟ್ಟಿದ್ದ, ಹಳೆಯ ಕಂಪ್ಯೂಟರಿನದೊಂದು, ದನಿಯದೊಂದು, ಅದರಲ್ಲಿ ಮೊದಲನೆಯದು ಓಡಿತು, ಚಹಾ ಕುಡಿದು ಬರುವಷ್ಟು ಹೊತ್ತು ಓಡಿತು, ಆಮೇಲೆ ಪರದೆಯ ನಡುವೆ ಆ ಹಳೆಯ ಗಣಕ, ಅದೇ ಮಂಕು ಬಣ್ಣ, ಅದೇ ದೊಡ್ಡ ದೊಡ್ಡ ಚಿತ್ರಗಳು, ಸತ್ತುಹೋದದ್ದು ಚೌಕದೊಳಗೆ ಕೂತು ನಮ್ಮನ್ನು ನೋಡುತ್ತಿದೆ. ಕಡೆಗೂ ಹಳೇ ಗಂಡನ ಪಾದವೇ ಗತಿ ಎಂದೆ. ಇವರ ಮೀಸೆ ಅಲುಗಿತು, ಎಷ್ಟು ದಿನದ ಮೇಲೆ.

ಸಂಭ್ರಮದಲ್ಲಿ ಚೌಕದೊಳಗೆ ಒಂದು ಸಲ ಒತ್ತಿದೆ, ಏನೋ ನೋಟೀಸು ಬಂತು, ಓದುವ ವ್ಯವಧಾನ ಯಾರಿಗಿದೆ, ಸರಿ ಎಂದು ಕಳಿಸಿದೆ, ಅಲ್ಲಿಂದ ಬಾಣ ಹೊರಗೆ ಬರುತ್ತಿಲ್ಲ, ಮೌಸನ್ನು ಮೇಜಿನ ತುದಿಯವರೆಗೆ ಎಳೆದೆ, ಬಾಣ ಚೌಕದ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದೆ, ಹೊರಗಿನ ಮೆನುವಿಗೆ ಹೋದರೆ ತಾನೇ ಎರಡನೆಯ ಫೈಲು ಹಾಕುವುದು, ದನಿಯ ಫೈಲು, ಕಣ್ಣೆದುರಿಗೇ ಇದೆ, ಕೈಗೆ ಸಿಗುತ್ತಿಲ್ಲ. ಮೂರನೇ ಬೋರ್ಡು ನಕ್ಕಳು, ಅದು ಮೌಸನ್ನ ಒಳಗೆ ಹಿಡ್ಕೊಂಡಿದೆ ಅಷ್ಟೇ, ಬಿಡಿಸೋಕೆ ಒಂದೇ ಕೀ, ಬಲಗಡೆ ಕಂಟ್ರೋಲ್ ಒತ್ತು. ನಾನು ಕೆಳಗೆ ನೋಡಿದೆ. ಹೊಸ ಕೀಬೋರ್ಡು ಬೇಡ, ನನ್ನ ಬೆರಳಿಗೆ ಇದೇ ಗೊತ್ತು ಎಂದು ಇವರು ಹಟ ಮಾಡಿ ಇಟ್ಟುಕೊಂಡ ಆ ಹಳೆಯ ಕೀಬೋರ್ಡು, ಅದರ ಮೂಲೆ, ತೂತು. ಬಲಗಡೆ ಕಂಟ್ರೋಲ್ ಇಲ್ಲ ಎಂದೆ. ಇಲ್ಲ ಅಂದ್ರೇನೇ, ಎಲ್ಲಾದ್ರಲ್ಲೂ ಇರುತ್ತೆ. ಇತ್ತು, ಕಿತ್ತುಹಾಕಿದಾರೆ, ಆ ಕತೆ ಇನ್ನೊಂದು ದಿನ ಹೇಳ್ತೀನಿ. ಸರಿ, ಎಂದಳು ಅವಳು, ಪೆನ್ಸಿಲ್ ತುದಿಯಿಂದ ಆ ತೂತಿನೊಳಗೆ ಚುಚ್ಚು, ರಬ್ಬರ್ ಒತ್ತಿದ್ರೂ ಸಾಕು.

ಪೆನ್ಸಿಲ್ ತೆಗೆದುಕೊಂಡೆ, ತೂತಿನ ಮೇಲೆ ಹಿಡಿದೆ, ಮಣಿಕಟ್ಟಿನ ಮೇಲೆ ಕೈ ಬಿತ್ತು, ಇವರದು, ತಣ್ಣಗಿದೆ, ಯಾವಾಗ ಎದ್ದು ಬಂದರೋ. ಪೆನ್ಸಿಲನ್ನು ನನ್ನ ಬೆರಳುಗಳಿಂದ ಬಿಡಿಸಿ ಪಕ್ಕಕ್ಕಿಟ್ಟರು, ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದರು, ದಿನಾ ನನ್ನ ಕಣ್ಣೆದುರಿಗೇ ತೆರೆದು ಮುಚ್ಚುವ ಡಬ್ಬಿ, ಗಾಜು ಒರೆಸುವ ಬಟ್ಟೆ ಎತ್ತಿದರು, ಅದರಡಿ ಆ ಬೂದು ಬಣ್ಣದ ಕೀ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದವಳು ನಾನೇ. ನನ್ನ ಅಂಗೈ ಬಿಡಿಸಿ ಅದನ್ನು ಇಟ್ಟರು, ಬೆರಳುಗಳನ್ನು ಮಡಚಿದರು, ಪೆನ್ಸಿಲಿದ್ದರೆ ಸಾಕು ಎಂದು ಅವಳು ಹೇಳಿದ್ದು ಅವರ ಕಿವಿಗೆ ಚೆನ್ನಾಗಿಯೇ ಬಿದ್ದಿತ್ತು, ಕೊಡಬೇಕಾಗಿರಲಿಲ್ಲ, ಆದರೂ ಕೊಟ್ಟರು, ಇನ್ನು ಮೇಲೆ ಬೇಕಾದಾಗ ಬಾಯಿ ಮುಚ್ಚಿಸು ಎಂದು ಕೊಟ್ಟರು. ಕೀಯನ್ನು ತೂತಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದೆ, ಟಕ್, ಕೂತಿತು, ಬಾಣ ಹೊರಗೆ ಬಂತು. ಬಂತಾ ಎಂದಳು ಮೂರನೇ ಬೋರ್ಡು, ಇನ್ನೊಂದು ವಿಷಯ, ಆ ಕೀ ಇನ್ಮೇಲೆ ಹೊರಗಿನದರ ಸೊತ್ತು, ನೀನು ಎಷ್ಟು ಒತ್ತಿದ್ರೂ ಒಳಗಿನ ಪ್ರೋಗ್ರಾಮಿಗೆ ಅದು ತಲುಪೋದೇ ಇಲ್ಲ. ತಲುಪೋದೇ ಇಲ್ಲ. ನಾನು ಇವರ ಮುಖ ನೋಡಿದೆ, ಇವರು ನನ್ನ ಮುಖ ನೋಡಿದರು, ಆಮೇಲೆ ತೊಡೆ ತಟ್ಟಿಕೊಂಡು, ಸದ್ದಿಲ್ಲದೆ, ಭುಜ ಕುಣಿಸುತ್ತ ನಗತೊಡಗಿದರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಎರಡನೆಯ ಫೈಲು ಹಾಕಿದ್ದಾಯಿತು, ನೆಕ್ಸ್ಟ್, ನೆಕ್ಸ್ಟ್, ಬೂದು ಕಿಟಕಿಯೊಂದು ತೆರೆಯಿತು, ಖಾಲಿ, ಮೂಲೆಯಲ್ಲಿ ಮಿಣಕುವ ಗೆರೆ. ಕುರ್ಚಿ ಎಳೆದುಕೊಂಡು ಕೂತರು, ಎರಡೇ ಬೆರಳಿನಲ್ಲಿ ಟೈಪ್ ಮಾಡಿದರು, ಬೆರಳನ್ನು ಎಂಟರ್ ಮೇಲೆ ಗಾಳಿಯಲ್ಲಿ ಹಿಡಿದರು, ಒತ್ತಿದರು. ಏನೂ ಇಲ್ಲ. ಕೆಳಗೆ ಚಾಪೆಯ ಸದ್ದೂ ನಿಂತಿದೆ, ಏನೂ ಇಲ್ಲ, ಇಷ್ಟೆಲ್ಲ ಮಾಡಿ ಏನೂ ಇಲ್ಲವೇ — ಸ್ಪೀಕರು, ಅಯ್ಯೋ ಸ್ಪೀಕರು, ಅವತ್ತು ಅವರೇ ಇಳಿಸಿದ್ದು, ತಿರುಗಣೆ ಹಿಡಿದು ಪೂರ್ತಿ ಏರಿಸಿದೆ, ಮತ್ತೆ ಒತ್ತಿ ಎಂದೆ, ಒತ್ತಿದರು. ನಿನಗೆ ಒಂದು ಮಾತು ಹೇಳಬೇಕು. ಅದೇ, ಅದೇ ತಗಡು, ಅದೇ ಡಬ್ಬ, ಏರಿಲ್ಲ ಇಳಿವಿಲ್ಲ, ನನ್ನ ಗಂಡನ ದನಿ, ತಡೆಯಿತು, ಎರಡು ಅಲ್ಪವಿರಾಮ ಹಾಕಿದ್ದಾರೆ ದುಷ್ಟ, ಹುಣ್ಣು, ಡಾಕ್ಟರು, ಏನಾದರೂ ಆಗಲಿ ಹೇಳಿಬಿಡಿ — ಕಿಟಕಿ ಹಾಕು, ಚಳಿ.

ಕಿಟಕಿ. ಕಿಟಕಿಯೇ. ಮತ್ತೆ ಡಾಕ್ಟರು ಎಂದೆ, ನನ್ನ ದನಿ ನನಗೇ ಕೇಳಿಸಲಿಲ್ಲ, ಅವರು ಟೈಪ್ ಮಾಡುತ್ತಿದ್ದಾರೆ, ಎಂಟರ್, ಡಾಕ್ಟರು ಹೇಳಿದ್ದೂ ಅದೇ, ಎಲ್ಲಾ ಸರಿಯಾಗಿದೆ, ಕುತ್ತಿಗೆಗೆ ತಣ್ಣನೆ ಗಾಳಿ ಬೀಸಬಾರದು ಅಂದ್ರು, ನಾನು ಮುಚ್ಚಿದ್ರೆ ನೀನು ತೆಗೀತೀಯ. ಅದನ್ನು ಸ್ಲೇಟಿನಲ್ಲಿ ಬರೆಯೋಕೆ ಏನಾಗಿತ್ತು ರೋಗ, ಇಷ್ಟು ದಿನ ಚಳಿಯಲ್ಲಿ ನಡುಗಿಕೊಂಡು, ನನ್ನ ಜೀವ ತಿಂದುಕೊಂಡು — ಟೈಪ್ ಮಾಡಿದರು, ಬೆರಳು ಗಾಳಿಯಲ್ಲಿ, ಕಣ್ಣು ನನ್ನ ಮೇಲೆ, ಎಂಟರ್, ಬರೆದಿದ್ರೆ ನೀನು ಕಿಟಕಿ ಹಾಕ್ತಿದ್ದೆ, ಸುಮ್ಮನಾಗ್ತಿದ್ದೆ, ಈ ದನಿ ಹುಡುಕ್ತಿರಲಿಲ್ಲ, ಕೊನೇ ದರ ಮೊದಲೇ ಕೂಗಿದ್ರೆ ಹರಾಜಿಗೆ ಯಾರು ನಿಲ್ತಾರೆ. ಮೊಬೈಲಿನೊಳಗೆ ಮೂರನೇ ಬೋರ್ಡು ಬಿದ್ದು ಬಿದ್ದು ನಗುತ್ತಿದ್ದಾಳೆ, ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ, ಎದ್ದು ಕಿಟಕಿ ಹಾಕಿದೆ, ಚಿಲಕ ಇಳಿಸಿದೆ, ಬಂದು ಕೂತೆ, ಅವರು ಇನ್ನೂ ಟೈಪ್ ಮಾಡುತ್ತಿದ್ದಾರೆ, ವಾರಗಟ್ಟಲೆ ಕೂಡಿಟ್ಟದ್ದು, ಸಂಜೆ ಮೊಮ್ಮಗಳಿಗೆ ಫೋನು ಮಾಡಬೇಕು, ಎಂಟರ್, ದನಿ ಶುರುವಾಯಿತು, ಚಹಾಕ್ಕೆ ಸಕ್ಕರೆ ಕಡಿಮೆ, ನಿನ್ನ ತಂಗಿ, ಹೋದ ತಿಂಗಳ ಆ ಛತ್ರಿ, ನೀನು ಯಾವತ್ತೂ, ಬೆರಳು ತಾನಾಗಿ ಚಾಚಿತು, ಹಳೆಯ ಅಭ್ಯಾಸ, ಬಲಗಡೆ, ಮೂಲೆ, ತೂತಿದ್ದಲ್ಲಿ ಈಗ ಆ ಬೂದು ಕೀ, ಒತ್ತಿದೆ, ಟಕ್, ದನಿ ನಿಲ್ಲಲಿಲ್ಲ, ಮತ್ತೆ ಒತ್ತಿದೆ, ನಿಲ್ಲಲಿಲ್ಲ, ಬೂದು ಕೀ, ಅದರ ಮೇಲೆ ನನ್ನ ಬೆರಳು, ಟಕ್, ನಿಲ್ಲಲಿಲ್ಲ